ಹಾಲಿನ ಕೆನೆ ಬೇರ್ಪಡಿಸಿದ ಇಂಜಿನಿಯರ್: ಗುಸ್ತಾಫ್ ಡಿ ಲಾವಲ್

ನಮ್ಮ ಚಿಂತಾಕಿ ಸೀಮೆಯಲ್ಲಿ ಹಾಲು, ಮೊಸರು, ಬೆಣ್ಣೆ ಎಂದರೆ ಯಾರಿಗೂ ಹೊಸದಾಗಿ ಪರಿಚಯ ಮಾಡಿಕೊಡಬೇಕಾಗಿಲ್ಲ. ಕಪ್ಪು ಬಿಳಿ ಮಚ್ಚೆಯ ದೇವಣಿ ಹಸುವಿಗೆ ಹೆಸರು ಬಂದದ್ದು ನಮ್ಮ ಗಡಿಗೆ ಹೊಂದಿಕೊಂಡಿರುವ ಲಾತೂರ ಜಿಲ್ಲೆಯ ದೇವಣಿ ಊರಿನಿಂದ. ಔರಾದ, ಭಾಲ್ಕಿ ತಾಲ್ಲೂಕುಗಳ ರೈತರು ಈ ತಳಿಯನ್ನು ತಲೆತಲಾಂತರದಿಂದ ಸಾಕಿಕೊಂಡು ಬಂದಿದ್ದಾರೆ. ಸಂಜೆ ಹಾಲು ಕಾಯಿಸಿ ಇಟ್ಟರೆ ಬೆಳಗಾಗುವುದರೊಳಗೆ ಮೇಲೆ ಕೆನೆ ಕಟ್ಟುತ್ತದೆ. ಹೆಪ್ಪು ಹಾಕಿ, ಮೊಸರು ಮಾಡಿ, ಕಡಗೋಲಿನಿಂದ ಕಡೆದರೆ ಬೆಣ್ಣೆ ಬರುತ್ತದೆ. ನಮ್ಮ ತಾಯಂದಿರು ಇದನ್ನು ಯಾವ ಪುಸ್ತಕವನ್ನೂ ಓದದೆ ಕಲಿತರು.

ಆದರೆ ನೂರಾರು ಮನೆಗಳ ಹಾಲು ಒಂದೇ ಕಡೆ ಸೇರಿದಾಗ ಹೀಗೆ ರಾತ್ರಿಯಿಡೀ ಕಾಯಲು ಆಗುವುದಿಲ್ಲ. ಹಾಲು ಹುಳಿಯಾಗುತ್ತದೆ. ಹಾಲು ಹರಿಯುತ್ತಿರುವಾಗಲೇ ಅದರ ಕೆನೆಯನ್ನು ಬೇರೆ ಮಾಡುವ ಯಂತ್ರ ಬೇಕು. ಅಂಥ ಯಂತ್ರವನ್ನು ಕಟ್ಟಿ, ಜಗತ್ತಿನ ಹೈನುಗಾರಿಕೆಯ ದಾರಿಯನ್ನೇ ಬದಲಿಸಿದವರಲ್ಲಿ ಮೊದಲ ಸಾಲಿನವರು ಸ್ವೀಡನ್ ದೇಶದ ಗುಸ್ತಾಫ್ ಡಿ ಲಾವಲ್. ಸುವರ್ಣ ಮಹೋತ್ಸವದ ಈ ಸಂದರ್ಭದಲ್ಲಿ ಹೈನು ಕಸುಬಿನ ಮನೆಗಳಿಂದ ಬಂದ ನಮ್ಮ ವಿದ್ಯಾರ್ಥಿಗಳು ಅವರ ಬದುಕನ್ನು ತಿಳಿಯುವುದು ಉಚಿತ. ಅವರ ಗೆಲುವಿನಲ್ಲಿ ಒಂದು ಪಾಠವಿದೆ, ಸೋಲಿನಲ್ಲಿ ಇನ್ನೊಂದಿದೆ.

ಕಾರ್ಲ್ ಗುಸ್ತಾಫ್ ಪ್ಯಾಟ್ರಿಕ್ ಡಿ ಲಾವಲ್ ಹುಟ್ಟಿದ್ದು 1845ರ ಮೇ 9ರಂದು, ಸ್ವೀಡನ್ನಿನ ದಲಾರ್ನಾ ಪ್ರಾಂತದ ಓರ್ಸಾ ಎಂಬ ಹಳ್ಳಿಯಲ್ಲಿ. ಅವರ ಹಿರಿಯರು ಫ್ರಾನ್ಸ್ ಮೂಲದವರು. ಹದಿನೇಳನೆಯ ಶತಮಾನದಲ್ಲಿ ಸ್ವೀಡನ್ನಿಗೆ ಬಂದು ನೆಲೆಸಿದ ಕುಟುಂಬ ಅದು. ಮನೆತನಕ್ಕೆ ಹೆಸರಿತ್ತು, ಹಣವಿರಲಿಲ್ಲ. ಹುಡುಗ ಓದಿನಲ್ಲಿ ಚುರುಕಾಗಿದ್ದ. 1863ರಲ್ಲಿ ಸ್ಟಾಕ್‌ಹೋಮ್ ನಗರದ ತಾಂತ್ರಿಕ ಸಂಸ್ಥೆಯನ್ನು ಸೇರಿ 1866ರಲ್ಲಿ ಇಂಜಿನಿಯರ್ ಆಗಿ ಹೊರಬಂದರು.

ಪದವಿಯೇನೋ ಸಿಕ್ಕಿತು, ಆದರೆ ತಕ್ಕ ಕೆಲಸ ಸಿಗಲಿಲ್ಲ. ಫಾಲುನ್ ಪಟ್ಟಣದ ಹಳೆಯ ತಾಮ್ರದ ಗಣಿಯ ಕಂಪನಿಯಲ್ಲಿ ಗುಮಾಸ್ತರಾಗಿ ಲೆಕ್ಕ ಬರೆಯುವ ಕೆಲಸಕ್ಕೆ ಸೇರಬೇಕಾಯಿತು. ಅಲ್ಲಿಯೇ ಉಳಿದು ಬಿಡಬಹುದಿತ್ತು, ಅವರು ಉಳಿಯಲಿಲ್ಲ. ಮತ್ತೆ ಪುಸ್ತಕ ಹಿಡಿದು ಉಪ್ಸಲಾ ವಿಶ್ವವಿದ್ಯಾಲಯಕ್ಕೆ ಹೋಗಿ 1872ರಲ್ಲಿ ರಸಾಯನಶಾಸ್ತ್ರದಲ್ಲಿ ಡಾಕ್ಟರೇಟ್ ಪಡೆದರು. ಬಳಿಕ ಕ್ಲೋಸ್ಟರ್ ಎಂಬಲ್ಲಿನ ಕಬ್ಬಿಣದ ಕಾರ್ಖಾನೆಯಲ್ಲಿ ಇಂಜಿನಿಯರ್ ಆದರು. ಯಂತ್ರಶಾಸ್ತ್ರ, ರಸಾಯನಶಾಸ್ತ್ರ ಎರಡೂ ಕೈಯಲ್ಲಿದ್ದುದರಿಂದ ಅವರ ಮನಸ್ಸು ಸದಾ ಯಾವುದಾದರೊಂದು ಪ್ರಯೋಗದಲ್ಲಿ ಮುಳುಗಿರುತ್ತಿತ್ತು.

ಆ ಕಾಲಕ್ಕೆ ಯುರೋಪಿನ ಹೈನು ಮನೆಗಳಲ್ಲಿ ಹಾಲನ್ನು ಅಗಲವಾದ ತಟ್ಟೆಗಳಲ್ಲಿ ಸುರಿದು ತಂಪಿನಲ್ಲಿ ಇಡುತ್ತಿದ್ದರು. ಒಂದು ದಿನವೋ ಒಂದೂವರೆ ದಿನವೋ ಕಳೆದ ಮೇಲೆ ಮೇಲೆದ್ದ ಕೆನೆಯನ್ನು ಸೌಟಿನಿಂದ ತೆಗೆಯುತ್ತಿದ್ದರು. ಹಾಲಿನ ಕೊಬ್ಬು ಬಹು ಸಣ್ಣ ಸಣ್ಣ ಗೋಲಿಗಳ ರೂಪದಲ್ಲಿರುತ್ತದೆ. ಒಂದೊಂದು ಗೋಲಿಯ ಗಾತ್ರ ಒಂದು ಮಿಲಿಮೀಟರಿನ ಸಾವಿರದ ಮೂರು ನಾಲ್ಕು ಪಾಲು ಮಾತ್ರ. ಕೊಬ್ಬು ನೀರಿಗಿಂತ ಹಗುರವಾದ್ದರಿಂದ ಅದು ಮೇಲೇಳುತ್ತದೆ, ಆದರೆ ಗೋಲಿ ಬಹಳ ಸಣ್ಣದಾದ್ದರಿಂದ ಬಹಳ ನಿಧಾನವಾಗಿ ಏಳುತ್ತದೆ. ಅಷ್ಟರಲ್ಲಿ ಹಾಲು ಹುಳಿಯಾಗುತ್ತಿತ್ತು, ಕೊಬ್ಬಿನ ಒಂದು ಪಾಲು ಕೆಳಗೇ ಉಳಿದು ನಷ್ಟವಾಗುತ್ತಿತ್ತು.

ಹಾಲನ್ನು ವೇಗವಾಗಿ ತಿರುಗಿಸಿದರೆ ಈ ಕೆಲಸ ಬೇಗ ಆಗುತ್ತದೆ ಎಂಬುದು ಆಗಲೇ ತಿಳಿದಿತ್ತು. ಜರ್ಮನಿಯ ವಿಲ್ಹೆಲ್ಮ್ ಲೆಫೆಲ್ಟ್ ಎಂಬುವರು ಅಂಥ ಯಂತ್ರವನ್ನು ಮಾಡಿದ್ದರು. ಆದರೆ ಅದರಲ್ಲಿ ಒಂದು ತೊಡಕಿತ್ತು. ಹಾಲು ತುಂಬಿ, ತಿರುಗಿಸಿ, ಮತ್ತೆ ನಿಲ್ಲಿಸಿ ಕೆನೆ ತೆಗೆಯಬೇಕು. ಪ್ರತಿ ಸಲವೂ ಇದೇ ಪಾಡು. ಡಿ ಲಾವಲ್ ಈ ಸುದ್ದಿಯನ್ನು ತಿಳಿದಾಗ ಅವರಿಗೆ ಹೊಳೆದದ್ದು ಇಷ್ಟೇ: ಯಂತ್ರವನ್ನು ನಿಲ್ಲಿಸಲೇಬಾರದು. ಒಂದು ಕಡೆಯಿಂದ ಹಾಲು ಒಳಗೆ ಹರಿಯಬೇಕು. ಇನ್ನೆರಡು ದಾರಿಗಳಿಂದ ಕೆನೆ ಮತ್ತು ಕೆನೆ ತೆಗೆದ ಹಾಲು ಬೇರೆ ಬೇರೆಯಾಗಿ ಹೊರಗೆ ಹರಿಯಬೇಕು.

1878ರಲ್ಲಿ ಅವರ ಯಂತ್ರ ಸಿದ್ಧವಾಯಿತು. ಅದೇ ವರ್ಷ ಆಸ್ಕರ್ ಲಾಮ್ ಎಂಬ ವ್ಯಾಪಾರಿಯೊಂದಿಗೆ ಪಾಲುದಾರಿಕೆ ಆರಂಭಿಸಿದರು. ಮೊದಲ ಯಂತ್ರ ಗಂಟೆಗೆ ಸುಮಾರು 130 ಲೀಟರ್ ಹಾಲನ್ನು ಬೇರ್ಪಡಿಸುತ್ತಿತ್ತು. ಸರಿಸುಮಾರು ಅದೇ ಹೊತ್ತಿಗೆ ಡೆನ್ಮಾರ್ಕಿನಲ್ಲಿಯೂ ಇಂಥ ಯಂತ್ರ ರೂಪುಗೊಂಡಿತ್ತು ಎಂಬುದನ್ನು ಇಲ್ಲಿ ಹೇಳಲೇಬೇಕು. ದೊಡ್ಡ ಶೋಧಗಳು ಅನೇಕ ವೇಳೆ ಹೀಗೆ ಎರಡು ಮೂರು ಕಡೆ ಒಟ್ಟಿಗೆ ಹುಟ್ಟುತ್ತವೆ. 1883ರಲ್ಲಿ ಡಿ ಲಾವಲ್ ಮತ್ತು ಲಾಮ್ ಅವರ ಉದ್ಯಮ ಸೆಪರೇಟರ್ ಎಂಬ ಹೆಸರಿನ ಕಂಪನಿಯಾಯಿತು. ಮುಂದೆ ಕೈಯಿಂದ ತಿರುಗಿಸುವ ಸಣ್ಣ ಯಂತ್ರಗಳು ಬಂದವು. ಸಾಮಾನ್ಯ ರೈತನ ಮನೆಯ ಪಡಸಾಲೆಗೂ ವಿಜ್ಞಾನ ಬಂದು ಕುಳಿತಿತು.

ಈ ಯಂತ್ರದ ಒಳಗುಟ್ಟನ್ನು ನಮ್ಮ ವಿದ್ಯಾರ್ಥಿಗಳು ಸ್ವಲ್ಪ ಗಮನಿಸಬೇಕು. ಉಕ್ಕಿನ ಒಂದು ಬಟ್ಟಲು ನಿಮಿಷಕ್ಕೆ ಆರೇಳು ಸಾವಿರ ಸುತ್ತು ತಿರುಗುತ್ತದೆ. ಭಾರವಾದ ಕೆನೆರಹಿತ ಹಾಲು ಅಂಚಿನ ಕಡೆಗೆ ಸರಿಯುತ್ತದೆ, ಹಗುರವಾದ ಕೆನೆ ನಡುವಿಗೆ ಸೇರುತ್ತದೆ. ಭೂಮಿಯ ಸೆಳೆತಕ್ಕಿಂತ ಸಾವಿರಾರು ಪಟ್ಟು ಹೆಚ್ಚಿನ ಬಲ ಅಲ್ಲಿ ಕೆಲಸ ಮಾಡುತ್ತದೆ. ಒಂದು ದಿನದ ಕೆಲಸ ಕೆಲವು ಕ್ಷಣಗಳಲ್ಲಿ ಮುಗಿಯುತ್ತದೆ. ಜರ್ಮನಿಯ ಬೆಕ್ಟೋಲ್‌ಶೈಮ್ ಎಂಬುವರು ಬಟ್ಟಲಿನೊಳಗೆ ಒಂದರ ಮೇಲೊಂದು ಶಂಕುವಿನಾಕಾರದ ತೆಳು ತಟ್ಟೆಗಳನ್ನು ಜೋಡಿಸುವ ಉಪಾಯ ಕಂಡುಹಿಡಿದಿದ್ದರು. ಆ ಹಕ್ಕನ್ನು 1889ರಲ್ಲಿ ಡಿ ಲಾವಲ್ ಅವರ ಕಂಪನಿ ಕೊಂಡುಕೊಂಡಿತು. ತಟ್ಟೆಗಳ ನಡುವೆ ಹಾಲು ತೆಳುವಾದ ಪದರಗಳಾಗಿ ಹರಿಯುವುದರಿಂದ ಕೊಬ್ಬಿನ ಗೋಲಿ ಬಹು ಸ್ವಲ್ಪ ದೂರ ಸರಿದರೆ ಸಾಕು. ಅಷ್ಟೇ ಗಾತ್ರದ ಯಂತ್ರ ಅನೇಕ ಪಟ್ಟು ಹೆಚ್ಚು ಹಾಲನ್ನು ನಿಭಾಯಿಸತೊಡಗಿತು.

ಆದರೆ ಯಂತ್ರ ತಿರುಗಿದರೆ ಸಾಲದು, ಅದು ಹತೋಟಿಯಲ್ಲಿ ತಿರುಗಬೇಕು. ಇಲ್ಲಿ ನಾಲ್ಕು ಸಂಗತಿಗಳನ್ನು ಹಿಡಿತದಲ್ಲಿಡಬೇಕಾಗುತ್ತದೆ. ಮೊದಲನೆಯದು ವೇಗ. ಬೇರ್ಪಡಿಸುವ ಬಲ ವೇಗದ ವರ್ಗಕ್ಕೆ ಅನುಗುಣವಾಗಿರುವುದರಿಂದ, ವೇಗ ಅರ್ಧಕ್ಕೆ ಇಳಿದರೆ ಬಲ ಕಾಲು ಪಾಲಿಗೆ ಇಳಿಯುತ್ತದೆ. ಎರಡನೆಯದು ಹಾಲಿನ ಬಿಸಿ. ತಣ್ಣಗಿನ ಹಾಲು ಮಂದವಾಗಿರುವುದರಿಂದ ಕೊಬ್ಬು ಸುಲಭವಾಗಿ ಸರಿಯುವುದಿಲ್ಲ. ಕರೆದ ಹಾಲಿನಷ್ಟು, ಅಂದರೆ 35ರಿಂದ 40 ಡಿಗ್ರಿ ಸೆಲ್ಸಿಯಸ್ ಬೆಚ್ಚಗಿದ್ದರೆ ಕೆಲಸ ಚೆನ್ನಾಗಿ ಆಗುತ್ತದೆ. ಮೂರನೆಯದು ಹಾಲು ಒಳಗೆ ಹರಿಯುವ ಪ್ರಮಾಣ. ಅವಸರದಿಂದ ಹೆಚ್ಚು ಹಾಲು ಬಿಟ್ಟರೆ ಕೊಬ್ಬು ಬೇರೆಯಾಗಲು ಸಮಯವೇ ಸಿಗುವುದಿಲ್ಲ. ಅದಕ್ಕಾಗಿಯೇ ಮೇಲಿನ ಪಾತ್ರೆಯ ಕೆಳಗೆ ತೇಲುವ ಬೆಂಡನ್ನು ಇಟ್ಟು ಹರಿವನ್ನು ಒಂದೇ ಸಮನಾಗಿಸುತ್ತಾರೆ. ನಾಲ್ಕನೆಯದು ಕೆನೆಯ ತಿರುಪು. ಅದನ್ನು ನಡುವಿನ ಕಡೆಗೆ ತಿರುಗಿಸಿದರೆ ದಪ್ಪ ಕೆನೆ, ಹೊರಕ್ಕೆ ತಿರುಗಿಸಿದರೆ ತೆಳು ಕೆನೆ ಬರುತ್ತದೆ. ಕೈಯಂತ್ರಗಳ ಹಿಡಿಕೆಯಲ್ಲಿ ಒಂದು ಪುಟ್ಟ ಗಂಟೆಯನ್ನು ಇಡುತ್ತಿದ್ದರು. ವೇಗ ಸಾಲದಿರುವಾಗ ಅದು ಬಡಿದುಕೊಳ್ಳುತ್ತಿತ್ತು. ತಕ್ಕ ವೇಗ ಬಂದಾಗ ಸುಮ್ಮನಾಗುತ್ತಿತ್ತು. ಓದು ಬಾರದವರೂ ಆ ಗಂಟೆಯ ಮಾತನ್ನು ಕೇಳಿ ಯಂತ್ರ ನಡೆಸಬಹುದಿತ್ತು.

ಹತೋಟಿ ತಪ್ಪಿದರೆ ಆಗುವ ನಷ್ಟವೆಷ್ಟು ಎಂಬುದಕ್ಕೆ ಒಂದು ಲೆಕ್ಕ ಮಾಡಿ ನೋಡೋಣ. ಶೇಕಡ 6 ಕೊಬ್ಬಿರುವ 100 ಕಿಲೋ ಎಮ್ಮೆ ಹಾಲಿನಿಂದ ಶೇಕಡ 40 ಕೊಬ್ಬಿನ ಕೆನೆ ತೆಗೆಯುತ್ತೇವೆ ಎನ್ನೋಣ. ಕೆನೆ ತೆಗೆದ ಹಾಲಿನಲ್ಲಿ ಶೇಕಡ 0.1 ಕೊಬ್ಬು ಉಳಿದರೆ ಕಳೆದುಹೋಗುವುದು ಸುಮಾರು 85 ಗ್ರಾಂ. ವೇಗ ಇಳಿದೋ ಹಾಲು ತಣ್ಣಗಾಗಿಯೋ ಅದು ಶೇಕಡ 0.5ಕ್ಕೆ ಏರಿದರೆ ಕಳೆದುಹೋಗುವುದು ಸುಮಾರು 430 ಗ್ರಾಂ. ಪ್ರತಿ 100 ಕಿಲೋ ಹಾಲಿಗೆ ಸುಮಾರು 345 ಗ್ರಾಂ ಕೊಬ್ಬು ಕಣ್ಣಿಗೆ ಕಾಣದೆಯೇ ಹರಿದುಹೋಗುತ್ತದೆ. ಅದು ಯಾವುದೋ ಹಟ್ಟಿಯಲ್ಲಿ ನಸುಕಿನಲ್ಲೆದ್ದು ಹಾಲು ಕರೆದವರ ದುಡಿಮೆ.

ಇಂಥ ಯಂತ್ರಗಳಿಂದ ಹಳ್ಳಿಗಳ ಬಾಳಿನಲ್ಲಿ ಬದಲಾವಣೆ ಬಂದಿತು. 1882ರಲ್ಲಿ ಡೆನ್ಮಾರ್ಕಿನ ಹೆಡಿಂಗ್ ಎಂಬ ಹಳ್ಳಿಯ ರೈತರು ಕೂಡಿ ಆ ದೇಶದ ಮೊದಲ ಸಹಕಾರಿ ಡೇರಿಯನ್ನು ಕಟ್ಟಿದರು. ಅಲ್ಲಿಯವರೆಗೆ ಒಳ್ಳೆಯ ಬೆಣ್ಣೆ ದೊಡ್ಡ ಜಮೀನ್ದಾರರ ಸೊತ್ತಾಗಿತ್ತು. ಎಲ್ಲರ ಹಾಲನ್ನೂ ಒಂದೆಡೆ ಸೇರಿಸಿ ಕೂಡಲೇ ಕೆನೆ ತೆಗೆಯಲು ಸಾಧ್ಯವಾದ ಮೇಲೆ ಎರಡು ಹಸುವಿನ ಒಡೆಯನ ಬೆಣ್ಣೆಯೂ ದೊಡ್ಡವರ ಬೆಣ್ಣೆಯ ಸಮಕ್ಕೆ ನಿಂತಿತು. ಕೆನೆ ತೆಗೆದ ಹಾಲು ಮರಳಿ ರೈತನ ಮನೆಗೇ ಹೋಗುತ್ತಿತ್ತು. ಕೆಲವೇ ವರ್ಷಗಳಲ್ಲಿ ಆ ದೇಶದ ತುಂಬ ಇಂಥ ಡೇರಿಗಳು ತುಂಬಿಕೊಂಡವು.

ಡಿ ಲಾವಲ್ ಅಷ್ಟಕ್ಕೇ ತೃಪ್ತರಾಗಲಿಲ್ಲ. ತಮ್ಮ ಯಂತ್ರವನ್ನು ಇನ್ನೂ ವೇಗವಾಗಿ ತಿರುಗಿಸಲು ಅವರು ಉಗಿಯ ಟರ್ಬೈನನ್ನು ರೂಪಿಸಿದರು. ಉಗಿ ಹೊರಬರುವ ಕೊಳವೆಯನ್ನು ನಡುವೆ ಕಿರಿದಾಗಿಸಿ, ಮುಂದೆ ಮತ್ತೆ ಅಗಲವಾಗಿಸಿದರೆ ಉಗಿಯ ವೇಗ ಶಬ್ದದ ವೇಗವನ್ನೂ ಮೀರುತ್ತದೆ ಎಂಬುದನ್ನು 1888ರ ಸುಮಾರಿಗೆ ಬಳಕೆಗೆ ತಂದರು. ಅವರ ಟರ್ಬೈನಿನ ಚಕ್ರ ನಿಮಿಷಕ್ಕೆ 30,000 ಸುತ್ತು ತಿರುಗುತ್ತಿತ್ತು. ಅಂಥ ವೇಗದಲ್ಲಿ ದಪ್ಪ ಗಡಸು ದಂಡ ಅದುರಿ ಮುರಿಯುವ ಭಯವಿತ್ತು. ಅವರು ಎಲ್ಲರೂ ಮಾಡುವುದಕ್ಕೆ ವಿರುದ್ಧವಾಗಿ ತೆಳ್ಳನೆಯ, ಬಳುಕುವ ದಂಡವನ್ನು ಹಾಕಿದರು. ಒಂದು ಹಂತದ ವೇಗವನ್ನು ದಾಟಿದ ಮೇಲೆ ಚಕ್ರ ತನ್ನ ಸಮತೂಕವನ್ನು ತಾನೇ ಕಂಡುಕೊಂಡು ಅಲುಗಾಡದೆ ತಿರುಗಿತು. ಇಂದು ಶ್ರೀಹರಿಕೋಟಾದಿಂದ ಮೇಲೇರುವ ರಾಕೆಟ್ಟುಗಳ ಬಾಲದಲ್ಲಿ ಇರುವುದೂ ಅದೇ ಆಕಾರದ ಕೊಳವೆ. ಅದಕ್ಕೆ ಡಿ ಲಾವಲ್ ನಳಿಕೆ ಎಂದೇ ಹೆಸರು. ಹಾಲಿನ ಕೆನೆಗಾಗಿ ಆರಂಭವಾದ ಹುಡುಕಾಟ ಆಕಾಶದ ದಾರಿಯನ್ನು ಮುಟ್ಟಿತು.

ಮಾನ ಸನ್ಮಾನಗಳು ಬಂದವು. 1886ರಲ್ಲಿ ಸ್ವೀಡನ್ನಿನ ರಾಜಮನೆತನದ ವಿಜ್ಞಾನ ಅಕಾಡೆಮಿಯ ಸದಸ್ಯರಾದರು. ಆ ದೇಶದ ಸಂಸತ್ತಿನಲ್ಲಿಯೂ ಕುಳಿತರು. 1893ರ ಶಿಕಾಗೋ ಮಹಾಪ್ರದರ್ಶನದಲ್ಲಿ ಅವರ ಟರ್ಬೈನು ಜನರ ಗಮನ ಸೆಳೆಯಿತು. ಸ್ವದೇಶದಲ್ಲಿ 92 ಪೇಟೆಂಟುಗಳನ್ನು ಪಡೆದರು, 37 ಕಂಪನಿಗಳನ್ನು ಸ್ಥಾಪಿಸಿದರು.

ಇಲ್ಲಿಯೇ ಅವರ ಬದುಕಿನ ದುಃಖವೂ ಇದೆ. ಒಂದು ಶೋಧದಿಂದ ಬಂದ ಹಣವನ್ನು ಕೂಡಲೇ ಇನ್ನೊಂದಕ್ಕೆ ಸುರಿಯುತ್ತಿದ್ದರು. ಸತುವಿನ ಅದಿರನ್ನು ವಿದ್ಯುತ್ತಿನಿಂದ ಕರಗಿಸುವುದು, ಅತಿ ಒತ್ತಡದ ಉಗಿ, ಹಾಲು ಕರೆಯುವ ಯಂತ್ರ, ಹೀಗೆ ಒಂದು ಮುಗಿಯುವ ಮೊದಲೇ ಹತ್ತು ಆರಂಭವಾಗುತ್ತಿದ್ದವು. ಕೈಯ ಬೆರಳುಗಳನ್ನು ಅನುಕರಿಸಿ ಹಾಲು ಕರೆಯುವ ಯಂತ್ರಕ್ಕಾಗಿ ವರ್ಷಗಟ್ಟಲೆ ಹೆಣಗಿದರು. ಅವರ ಕಂಪನಿ ಅಂಥ ಯಂತ್ರವನ್ನು ಮಾರುಕಟ್ಟೆಗೆ ತಂದದ್ದು ಅವರು ತೀರಿಕೊಂಡ ಮೇಲೆ. ಬಟ್ಟಲಿನೊಳಗೆ ಹರಿಯುವ ಹಾಲಿಗೆ ಮಿತಿ ಹಾಕಿದವರು ತಮ್ಮ ಕೈಯಿಂದ ಹರಿಯುವ ಹಣಕ್ಕೆ ಮಿತಿ ಹಾಕಲಿಲ್ಲ. 1913ರ ಫೆಬ್ರುವರಿ 2ರಂದು ಸ್ಟಾಕ್‌ಹೋಮಿನಲ್ಲಿ ನಿಧನರಾದಾಗ ಅವರ ಬಳಿ ಆಸ್ತಿ ಉಳಿದಿರಲಿಲ್ಲ. ಅವರು ಹುಟ್ಟುಹಾಕಿದ ಕಂಪನಿ ಮಾತ್ರ ಬೆಳೆಯುತ್ತಲೇ ಹೋಯಿತು. 1963ರಲ್ಲಿ ಅವರ ಹೆಸರನ್ನೇ ಸೇರಿಸಿಕೊಂಡು ಆಲ್ಫಾ ಲಾವಲ್ ಆಯಿತು.

ನಮ್ಮ ನಾಡಿಗೂ ಈ ವಿದ್ಯೆ ಬಂದಿತು. 1923ರಲ್ಲಿ ಬೆಂಗಳೂರಿನಲ್ಲಿ ಪಶುಸಂಗೋಪನೆ ಮತ್ತು ಹೈನುಗಾರಿಕೆಯ ಇಂಪೀರಿಯಲ್ ಸಂಸ್ಥೆ ಆರಂಭವಾಯಿತು. 1927ರಲ್ಲಿ ಬೆಂಗಳೂರಿನಲ್ಲಿ ವಿಶ್ರಾಂತಿಗೆಂದು ತಂಗಿದ್ದ ಮಹಾತ್ಮ ಗಾಂಧೀಜಿಯವರು ಅಲ್ಲಿಗೆ ಹೋಗಿ ಗೋಪಾಲನೆಯ ಪಾಠ ಕೇಳಿದರು. ಮುಂದೆ ಆಣಂದದ ಸಹಕಾರಿ ಚಳವಳಿಗೆ ಹೆಸರಾದ ವರ್ಗೀಸ್ ಕುರಿಯನ್ ಅವರು ಅಮೆರಿಕಕ್ಕೆ ಹೋಗುವ ಮೊದಲು ತರಬೇತಿ ಪಡೆದದ್ದೂ ಅದೇ ಸಂಸ್ಥೆಯಲ್ಲಿ. ಇಂದು ನಮ್ಮ ಬೀದರಿನಲ್ಲಿಯೇ ಪಶುವೈದ್ಯಕೀಯ, ಪಶು ಮತ್ತು ಮೀನುಗಾರಿಕೆ ವಿಜ್ಞಾನಗಳ ವಿಶ್ವವಿದ್ಯಾಲಯವಿದೆ. ದೊಡ್ಡ ಡೇರಿಗಳಲ್ಲಿ ಈಗ ಗಂಟೆಯ ಬದಲು ಮಾಪಕಗಳಿವೆ. ಅವು ಹರಿಯುವ ಹಾಲಿನ ಪ್ರಮಾಣವನ್ನೂ ಕೆನೆಯ ಸಾಂದ್ರತೆಯನ್ನೂ ಕ್ಷಣಕ್ಷಣಕ್ಕೂ ಅಳೆದು ಕವಾಟಗಳನ್ನು ತಾವೇ ತಿರುಗಿಸುತ್ತವೆ. ಟೋನ್ಡ್ ಹಾಲಿನ ಪೊಟ್ಟಣದ ಮೇಲೆ ಶೇಕಡ 3 ಕೊಬ್ಬು ಎಂದು ಅಚ್ಚಾಗಿದ್ದರೆ, ಅದರ ಹಿಂದೆ ಇರುವುದು ಈ ಹತೋಟಿ.

ವಿದ್ಯಾರ್ಥಿ ಮಿತ್ರರೇ, ಹಾಲಿನ ಸಂಘದಲ್ಲಿ ನಿಮ್ಮ ಮನೆಯ ಹಾಲಿನ ಕೊಬ್ಬನ್ನು ಅಳೆದು ಚೀಟಿ ಕೊಡುವಾಗ ಆ ಅಂಕಿಯನ್ನು ಒಮ್ಮೆ ಗಮನಿಸಿ ಓದಿರಿ. ಅದು ಹೇಗೆ ಬಂತು, ಕೊಬ್ಬು ಎಲ್ಲಿ ಹೋಗುತ್ತದೆ, ಎಷ್ಟು ಉಳಿಯುತ್ತದೆ ಎಂದು ಕೇಳಿರಿ. ಗುಮಾಸ್ತಿಕೆಯಲ್ಲಿ ಕುಳಿತಾಗಲೂ ಕಲಿಯುವುದನ್ನು ಬಿಡದ ಡಿ ಲಾವಲ್ ಅವರ ಛಲ ನಿಮಗಿರಲಿ. ಜೊತೆಗೆ, ಅವರು ಯಂತ್ರಕ್ಕೆ ಕಲಿಸಿ ತಾವು ಮರೆತ ಮಿತಿಯೂ ನಿಮಗಿರಲಿ. ಐವತ್ತು ವರ್ಷಗಳಿಂದ ಈ ಶಾಲೆಯಲ್ಲಿ ಪಾಠ ಕೇಳಿ ಹೋದವರಲ್ಲಿ ಅನೇಕರು ಹಾಲು ಹಾಕಿ ಬಂದು ತರಗತಿಯಲ್ಲಿ ಕುಳಿತವರೇ. ಅವರ ಮಕ್ಕಳಲ್ಲಿ ಒಬ್ಬರಾದರೂ ನಾಳೆ ಇಂಥ ಒಂದು ಯಂತ್ರವನ್ನು ಇನ್ನಷ್ಟು ಸುಧಾರಿಸಿ ನಮ್ಮ ಸೀಮೆಯ ರೈತರ ಕೈಗೆ ಕೊಟ್ಟರೆ, ಈ ಸುವರ್ಣ ಮಹೋತ್ಸವ ಸಾರ್ಥಕವಾದಂತೆ.