ಕುಲವನ್ನು ಕೇಳದ ಮಠ: ಆವಿಲಾದ ತೆರೇಸಾ

ಕಾರ್ಮೆಲ್ ಸಭೆಯ ಇತಿಹಾಸವು ಪ್ಯಾಲೆಸ್ಟೈನಿನ ಕಾರ್ಮೆಲ್ ಬೆಟ್ಟದಲ್ಲಿ ಏಕಾಂತವಾಸಿಗಳಾಗಿದ್ದ ಕೆಲವು ಕ್ರೈಸ್ತ ತಪಸ್ವಿಗಳಿಂದ ಆರಂಭವಾಗುತ್ತದೆ. ಹದಿಮೂರನೆಯ ಶತಮಾನದ ಆದಿಯಲ್ಲಿ ಜೆರೂಸಲೇಮಿನ ಧರ್ಮಪಿತ ಆಲ್ಬರ್ಟನು ಅವರಿಗೊಂದು ನಿಯಮಾವಳಿಯನ್ನು ರಚಿಸಿಕೊಟ್ಟನು. ಮುಂದೆ ಯೂರೋಪಿಗೆ ವಲಸೆ ಬಂದ ಇವರನ್ನು 1247ರಲ್ಲಿ ಪರಿಷ್ಕೃತವಾದ ನಿಯಮವು ಭಿಕ್ಷಾವ್ರತಿಗಳ ಸಾಲಿಗೆ ಸೇರಿಸಿತು. 1432ರಲ್ಲಿ ಆ ನಿಯಮದ ಕಾಠಿಣ್ಯವನ್ನು ಸಡಿಲಿಸಲಾಯಿತು. 1452ರಲ್ಲಿ ಸ್ತ್ರೀಯರಿಗೂ ಸಭೆಯ ಬಾಗಿಲು ತೆರೆಯಿತು. ಈ ಸಡಿಲಗೊಂಡ ಪರಂಪರೆಯನ್ನು ಮತ್ತೆ ಅದರ ಮೂಲಕ್ಕೆ ತಿರುಗಿಸಿದವಳು ಹದಿನಾರನೆಯ ಶತಮಾನದ ಸ್ಪೇನ್ ದೇಶದ ತೆರೇಸಾ. ಆಕೆಯ ಸುಧಾರಣೆಯನ್ನು ಬರಿಗಾಲು, ಉಪವಾಸ, ಮೌನಗಳ ಕಥೆಯಾಗಿ ಮಾತ್ರ ಹೇಳುವುದು ವಾಡಿಕೆ. ಆದರೆ ಆ ಸುಧಾರಣೆಯ ಒಡಲಲ್ಲಿ ಕುಲದ ಪ್ರಶ್ನೆಯೂ ಇತ್ತು.

1485ರಲ್ಲಿ ತೊಲೇದೊ ನಗರದ ಬೀದಿಗಳಲ್ಲಿ, ಪ್ರಾಯಶ್ಚಿತ್ತದ ನಿಲುವಂಗಿಯನ್ನು ತೊಟ್ಟು, ಶುಕ್ರವಾರಗಳಂದು ಚರ್ಚಿನಿಂದ ಚರ್ಚಿಗೆ ಮೆರವಣಿಗೆಯಲ್ಲಿ ನಡೆಯಬೇಕಾಗಿ ಬಂದವರಲ್ಲಿ ಹುವಾನ್ ಸಾಂಚೆಸ್ ಎಂಬ ವರ್ತಕನೊಬ್ಬನಿದ್ದನು. ಯೆಹೂದಿ ಮೂಲದಿಂದ ಕ್ರೈಸ್ತನಾದ ಈತ ಹಳೆಯ ಧರ್ಮದ ಆಚರಣೆಗಳಿಗೆ ಮರಳಿದ್ದಕ್ಕಾಗಿ ಇನ್‌ಕ್ವಿಸಿಷನ್ ಎಂಬ ಧರ್ಮವಿಚಾರಣಾ ಮಂಡಳಿಯ ಮುಂದೆ ತಪ್ಪೊಪ್ಪಿಕೊಂಡವನು. ಅವಮಾನಿತನಾದ ಆತ ಆವಿಲಾಕ್ಕೆ ಬಂದು ನೆಲೆಸಿ, ಬಟ್ಟೆಯ ವ್ಯಾಪಾರದಿಂದ ಮತ್ತೆ ಸ್ಥಿತಿವಂತನಾದನು. ಅವನ ಮಕ್ಕಳು 1519ರಲ್ಲಿ ನ್ಯಾಯಾಲಯದ ಮೆಟ್ಟಿಲೇರಿ, ತಾವು ಕುಲೀನರೆಂಬ ಮನ್ನಣೆಯನ್ನು ಪಡೆಯಲು ಹೋರಾಡಿದರು. ಆ ಮಕ್ಕಳಲ್ಲೊಬ್ಬನಾದ ಅಲೋನ್ಸೊವಿನ ಮಗಳೇ ತೆರೇಸಾ. ಆಕೆಯ ಜನನ 1515ರ ಮಾರ್ಚ್ 28ರಂದು.

ಹದಿಹರೆಯದಲ್ಲಿಯೇ ತಾಯಿಯನ್ನು ಕಳೆದುಕೊಂಡ ತೆರೇಸಾ 1535ರಲ್ಲಿ ತಂದೆಯ ಸಮ್ಮತಿಯಿಲ್ಲದೆ ಆವಿಲಾದ ಎನ್‌ಕಾರ್ನಾಸಿಯೋನ್ ಎಂಬ ಕಾರ್ಮೆಲ್ ಮಠವನ್ನು ಸೇರಿದಳು. ಕೆಲವು ವರ್ಷಗಳಲ್ಲಿಯೇ ತೀವ್ರ ವ್ಯಾಧಿಗೆ ತುತ್ತಾಗಿ ನಾಲ್ಕು ದಿನ ಪ್ರಜ್ಞಾಶೂನ್ಯಳಾಗಿ ಬಿದ್ದಿದ್ದಳು. ಮಠದಲ್ಲಿ ಆಕೆಗಾಗಿ ಗೋರಿಯನ್ನೂ ತೋಡಲಾಗಿತ್ತು. ಬದುಕುಳಿದರೂ ಸುಮಾರು ಮೂರು ವರ್ಷ ಕೈಕಾಲುಗಳ ಸ್ವಾಧೀನವಿರಲಿಲ್ಲ. ಆ ಮಠದೊಳಗೂ ಹೊರಗಿನ ಸಮಾಜದ ಶ್ರೇಣಿಗಳೇ ಇದ್ದವು. ಕುಲೀನ ಮನೆತನದ ಸನ್ಯಾಸಿನಿಯರಿಗೆ ಗೌರವಸೂಚಕ ಬಿರುದು, ಪ್ರತ್ಯೇಕ ಕೊಠಡಿಗಳು, ಸೇವಕಿಯರು. ಬಡವರಿಗೆ ಸಾಮೂಹಿಕ ಮಲಗುಕೋಣೆ. ಗಾಯಗೊಂಡ ಕ್ರಿಸ್ತನ ಪ್ರತಿಮೆಯೊಂದರ ಮುಂದೆ 1554ರಲ್ಲಿ ಆಕೆಗಾದ ಅಂತಃಪರಿವರ್ತನೆಯ ನಂತರ ಈ ಬದುಕು ಅಸಹನೀಯವಾಯಿತು.

1562ರ ಆಗಸ್ಟ್ 24ರಂದು, ನಲವತ್ತೇಳನೆಯ ವಯಸ್ಸಿನಲ್ಲಿ, ನಾಲ್ವರು ಬಡ ತರುಣಿಯರೊಡನೆ ತೆರೇಸಾ ಸಂತ ಜೋಸೆಫರ ಹೆಸರಿನ ಪುಟ್ಟ ಮಠವನ್ನು ತೆರೆದಳು. ಸ್ಥಿರ ಆದಾಯವಿಲ್ಲದ ಮಠ ತಮಗೆ ಹೊರೆಯಾದೀತೆಂದು ನಗರಸಭೆ ಮೊಕದ್ದಮೆ ಹೂಡಿತು. ತೆರೇಸಾ ಹಿಂಜರಿಯಲಿಲ್ಲ. ಇಲ್ಲಿ ಬಿರುದುಗಳನ್ನು ಬಿಡಲಾಯಿತು, ಎಲ್ಲರೂ ಸೋದರಿಯರು. ನೂಲುವುದು ಮೊದಲಾದ ಕೈಕೆಲಸವೂ ಜನರು ತಾವಾಗಿ ಕೊಟ್ಟ ದಾನವೂ ಜೀವನಾಧಾರ. ಕಸ ಗುಡಿಸುವವರ ಸರದಿಪಟ್ಟಿಯಲ್ಲಿ ಮೊದಲ ಹೆಸರು ಮಠಾಧ್ಯಕ್ಷೆಯದೇ ಆಗಿರಬೇಕೆಂದು ಆಕೆ ವಿಧಿಸಿದಳು. ಉನ್ನತ ಕುಲದಿಂದ ಬಂದವಳು ತನ್ನ ತಂದೆಯ ಹೆಸರನ್ನು ಉಳಿದವರಿಗಿಂತ ಕಡಿಮೆ ಎತ್ತಬೇಕೆಂಬುದು ಆಕೆಯ ಬೋಧನೆ. ತೊಲೇದೊ ಮಹಾದೇವಾಲಯವು 1547ರಲ್ಲಿ ರಕ್ತಶುದ್ಧಿಯ ನಿಯಮವನ್ನು ಅಂಗೀಕರಿಸಿ, ಯೆಹೂದಿ ಮೂಲದವರನ್ನು ತನ್ನ ಅಧಿಕಾರಸ್ಥಾನಗಳಿಂದ ದೂರವಿರಿಸಿತ್ತು. ತೆರೇಸಾ ರಚಿಸಿದ ಸಂವಿಧಾನದಲ್ಲಿ ಅಂತಹ ನಿಯಮಕ್ಕೆ ಎಡೆಯಿರಲಿಲ್ಲ.

ಈ ನಿಲುವಿಗೆ ಪರೀಕ್ಷೆ ಎದುರಾದುದು ಅಜ್ಜನು ಅವಮಾನಗೊಂಡ ಅದೇ ತೊಲೇದೊದಲ್ಲಿ. 1569ರಲ್ಲಿ ಅಲ್ಲಿ ಮಠ ಸ್ಥಾಪಿಸಲು ಹೋದಾಗ ಆಕೆಯ ಕೈಯಲ್ಲಿದ್ದುದು ಮೂರು ನಾಲ್ಕು ನಾಣ್ಯಗಳು. ಅದರಲ್ಲಿ ಎರಡು ಚಿತ್ರಪಟ, ಎರಡು ಹುಲ್ಲಿನ ಹಾಸಿಗೆ, ಒಂದು ಕಂಬಳಿಯನ್ನು ಕೊಂಡಳು. ಮಠಕ್ಕೆ ದತ್ತಿ ಬಿಟ್ಟಿದ್ದವನು ರಾಮಿರೇಸ್ ಎಂಬ ವರ್ತಕ. ದತ್ತಿಗೆ ಪ್ರತಿಯಾಗಿ ದೇವಾಲಯದೊಳಗಣ ಸಮಾಧಿಸ್ಥಾನವು ಅಂಥ ಮನೆತನಕ್ಕೆ ಸಲ್ಲಬಾರದು, ಕುಲೀನರಿಗೇ ಸಲ್ಲಬೇಕು ಎಂದು ನಗರದ ಪ್ರತಿಷ್ಠಿತರು ಆಕ್ಷೇಪಿಸಿದರು. ತೆರೇಸಾ ಕ್ಷಣಕಾಲ ತೊಳಲಾಡಿ, ಕೊನೆಗೆ ಆ ಗೌರವವನ್ನು ವರ್ತಕನ ಮನೆತನಕ್ಕೇ ಸಲ್ಲಿಸಿದಳು. ತನ್ನ ಮೂಲದ ಬಗ್ಗೆ ಮಾತ್ರ ಆಕೆ ಎಲ್ಲಿಯೂ ಬರೆಯಲಿಲ್ಲ. ಆ ಕಾಲದಲ್ಲಿ ಬರೆದಿದ್ದರೆ ಆಕೆಯ ಮಠಗಳು ಉಳಿಯುತ್ತಿದ್ದವೇ ಎಂಬುದು ಸಂದೇಹ.

ಸುಧಾರಣೆ ಪುರುಷರ ಶಾಖೆಗೂ ಹಬ್ಬಿತು. 1567ರಲ್ಲಿ ಭೇಟಿಯಾದ ತರುಣ ಸನ್ಯಾಸಿ, ಮುಂದೆ ಶಿಲುಬೆಯ ಯೊಹಾನನೆಂದು ವಿಖ್ಯಾತನಾದ ಕವಿ, 1568ರಲ್ಲಿ ದುರುವೇಲೊ ಎಂಬ ಹಳ್ಳಿಯಲ್ಲಿ ಮೊದಲ ಮಠವನ್ನು ಆರಂಭಿಸಿದವರಲ್ಲೊಬ್ಬ. ಹಳೆಯ ಶಾಖೆಯವರು 1577ರ ಡಿಸೆಂಬರಿನಲ್ಲಿ ಅವನನ್ನು ಹಿಡಿದು ತೊಲೇದೊದ ಮಠದಲ್ಲಿ ಬಂಧಿಸಿದರು. ಮರುವರ್ಷದ ಆಗಸ್ಟಿನಲ್ಲಿ ಅವನು ತಪ್ಪಿಸಿಕೊಂಡನು. 1580ರಲ್ಲಿ ಪೋಪ್ ಹದಿಮೂರನೆಯ ಗ್ರೆಗರಿಯು ಬರಿಗಾಲಿನ ಕಾರ್ಮೆಲಿತರಿಗೆ ಪ್ರತ್ಯೇಕ ಪ್ರಾಂತ್ಯವನ್ನು ಮಂಜೂರು ಮಾಡುವವರೆಗೂ ಈ ಕಲಹ ಮುಂದುವರಿಯಿತು.

ತೆರೇಸಾಳಿಗೆ ಲ್ಯಾಟಿನ್ ಪಾಂಡಿತ್ಯವಿರಲಿಲ್ಲ. 1559ರಲ್ಲಿ ದೇಶಭಾಷೆಯ ಅನೇಕ ಅಧ್ಯಾತ್ಮ ಗ್ರಂಥಗಳು ನಿಷೇಧಕ್ಕೊಳಗಾದಾಗ ಆಕೆಯ ಓದಿನ ಆಸರೆಯೇ ಕಳಚಿತು. ಓದಲು ಇಲ್ಲವಾದುದನ್ನು ಆಕೆ ಬರೆಯತೊಡಗಿದಳು. ಅದೂ ಆಡುಮಾತಿಗೆ ಹತ್ತಿರವಾದ ಕ್ಯಾಸ್ಟಿಲಿಯನ್ ಭಾಷೆಯಲ್ಲಿ. ಆತ್ಮಕಥೆಯ ಹಸ್ತಪ್ರತಿಯನ್ನು ವಿಚಾರಣಾ ಮಂಡಳಿ ವಶಪಡಿಸಿಕೊಂಡಿದ್ದ ದಿನಗಳಲ್ಲಿಯೇ, 1577ರಲ್ಲಿ, ಆತ್ಮವನ್ನು ಏಳು ನಿವಾಸಗಳ ಕೋಟೆಯಾಗಿ ಚಿತ್ರಿಸುವ ಮಹಾಕೃತಿಯನ್ನು ಬರೆದು ಮುಗಿಸಿದಳು.

1582ರ ಅಕ್ಟೋಬರ್ 4ರ ರಾತ್ರಿ ಆಲ್ಬಾ ದೆ ತೋರ್ಮೆಸ್‌ನಲ್ಲಿ ಆಕೆ ನಿಧನಳಾದಳು. ಪಂಚಾಂಗದ ಪರಿಷ್ಕರಣದಿಂದಾಗಿ ಮರುದಿನ ಅಕ್ಟೋಬರ್ 15 ಆಗಿತ್ತು. ಆಕೆ ತೀರಿಕೊಂಡ ಎರಡು ದಶಕಗಳೊಳಗೇ ಆಕೆಯದೇ ಸಭೆ ರಕ್ತಶುದ್ಧಿಯ ನಿಯಮವನ್ನು ತಂದುಕೊಂಡಿತು. 1622ರಲ್ಲಿ ಸಂತಪದವಿ ಪಡೆದ ತೆರೇಸಾ ತನ್ನ ಸಭೆಯ ಆ ನಿಯಮದಂತೆ ಅದರ ಪ್ರವೇಶಕ್ಕೇ ಅನರ್ಹಳಾಗುತ್ತಿದ್ದಳೆಂಬುದು ಇತಿಹಾಸದ ವ್ಯಂಗ್ಯ. ಕುಟುಂಬದ ಮೊಕದ್ದಮೆಯ ದಾಖಲೆಗಳು ಪ್ರಕಟವಾದುದು 1946ರಲ್ಲಿ. ಅಲ್ಲಿಯವರೆಗೆ ಆಕೆಯನ್ನು ಅಪ್ಪಟ ಕುಲೀನ ಕ್ರೈಸ್ತ ಮನೆತನದ ಕುಡಿಯೆಂದೇ ಚರಿತ್ರಕಾರರು ಕೊಂಡಾಡುತ್ತಿದ್ದರು. 1970ರಲ್ಲಿ ಧರ್ಮಸಭೆಯ ಆಚಾರ್ಯೆಯೆಂಬ ಮನ್ನಣೆಗೆ ಪಾತ್ರಳಾದ ಮೊದಲ ಮಹಿಳೆ ಆಕೆ.

1870ರಲ್ಲಿ ಫ್ರಾನ್ಸಿನಿಂದ ಮಂಗಳೂರಿಗೆ ಬಂದ ಕಾರ್ಮೆಲ್ ಸನ್ಯಾಸಿನಿಯರ ಮೂಲಕ ಈ ಪರಂಪರೆ ಕನ್ನಡ ನೆಲವನ್ನೂ ಮುಟ್ಟಿತು. 1921ರಲ್ಲಿ ಅಲ್ಲಿ ಸ್ಥಾಪಿತವಾದ ಸೇಂಟ್ ಆಗ್ನೆಸ್ ಕಾಲೇಜು ಅದರ ಒಂದು ಫಲ. ಕುಲವನ್ನು ಕೇಳಬಾರದೆಂಬ ಮಾತಿಗೆ ಶತಮಾನಗಳ ಪರಂಪರೆಯಿರುವ ಕನ್ನಡದ ಓದುಗರಿಗೆ, ಗುರು ಗುಡಿಸಿದ ನೆಲದಲ್ಲಿಯೇ ಅನುಯಾಯಿಗಳು ಮತ್ತೆ ಬೇಲಿ ಹಾಕಿದ ಈ ಕಥೆ ಅಪರಿಚಿತವೆನಿಸಲಾರದು.