ಬುದ್ಧಿಮಾಪನದ ಆಚಾರ್ಯ ಡಾ. ಎಂ. ವಿ. ಗೋಪಾಲಸ್ವಾಮಿ

ಆಕಾಶವಾಣಿ ಎಂಬ ಹೆಸರನ್ನು ಕೇಳದ ಕನ್ನಡಿಗರಿಲ್ಲ. 1935ರಲ್ಲಿ ಮೈಸೂರಿನ ತಮ್ಮ ಮನೆಯಲ್ಲಿಯೇ ಬಾನುಲಿ ಕೇಂದ್ರವನ್ನು ಸ್ಥಾಪಿಸಿ ಆ ಹೆಸರಿನಿಂದ ನಡೆಸಿದ ಡಾ. ಎಂ. ವಿ. ಗೋಪಾಲಸ್ವಾಮಿಯವರು ವೃತ್ತಿಯಿಂದ ಮನಶ್ಶಾಸ್ತ್ರದ ಪ್ರಾಧ್ಯಾಪಕರು. ಬಾನುಲಿಯ ಕೀರ್ತಿಯಲ್ಲಿ ಮರೆಯಾದ ಅವರ ಇನ್ನೊಂದು ಸೇವೆ ಶಿಕ್ಷಕರಿಗೆ ವಿಶೇಷವಾಗಿ ಮನನೀಯವಾದುದು.

1896ರಲ್ಲಿ ಜನಿಸಿದ ಅವರು ಲಂಡನ್ನಿನಲ್ಲಿ ಚಾರ್ಲ್ಸ್ ಸ್ಪಿಯರ್‌ಮನ್ನರ ಶಿಷ್ಯರಾದರು. ಎಲ್ಲ ವಿಷಯಗಳ ಪರೀಕ್ಷೆಗಳ ಹಿಂದೆಯೂ ಒಂದು ಸಾಮಾನ್ಯ ಬುದ್ಧಿಶಕ್ತಿಯಿದೆ, ಪ್ರತಿಯೊಂದಕ್ಕೂ ತನ್ನದೇ ವಿಶೇಷ ಶಕ್ತಿಯೂ ಇದೆ ಎಂಬುದು ಆ ಗುರುಗಳು 1904ರಲ್ಲಿ ಮಂಡಿಸಿದ ಸಿದ್ಧಾಂತ. ಅದು ಮಕ್ಕಳ ಅಂಕಗಳಿಗೆ ಹೊಂದುವುದೋ ಇಲ್ಲವೋ ಎಂದು ಒರೆಗೆ ಹಚ್ಚುವ ಕ್ರಮವನ್ನೂ ಅವರು ರೂಪಿಸಿದರು. ನಾಲ್ಕು ಪರೀಕ್ಷೆಗಳನ್ನು ಎರಡೆರಡಾಗಿ ಜೋಡಿಸಿ, ಜೋಡಿಗಳ ಸಹಸಂಬಂಧಗಳನ್ನು ಪರಸ್ಪರ ಗುಣಿಸಬೇಕು; ಜೋಡಿಗಳನ್ನು ಬದಲಿಸಿ ಮತ್ತೆ ಗುಣಿಸಬೇಕು. ಎರಡು ಗುಣಲಬ್ಧಗಳ ಅಂತರ ಸೊನ್ನೆಯ ಸಮೀಪವಿದ್ದರೆ ಸಿದ್ಧಾಂತವು ಅಂಕಗಳಿಗೆ ಹೊಂದಿತು. ಆಕಸ್ಮಿಕ ದೋಷದ ಮಿತಿಯನ್ನು ಮೀರಿದರೆ ಹೊಂದಲಿಲ್ಲ.

ಬ್ರಜೇಂದ್ರನಾಥ ಶೀಲರು ಉಪಕುಲಪತಿಗಳಾಗಿದ್ದ ಕಾಲದಲ್ಲಿ, 1924ರಲ್ಲಿ, ಮೈಸೂರು ವಿಶ್ವವಿದ್ಯಾಲಯದಲ್ಲಿ ಮನಶ್ಶಾಸ್ತ್ರ ವಿಭಾಗ ಆರಂಭವಾಯಿತು. ಗೋಪಾಲಸ್ವಾಮಿಯವರು ಅದರ ನೇತೃತ್ವ ವಹಿಸಿ ಮಹಾರಾಜಾ ಕಾಲೇಜಿನಲ್ಲಿ ಪ್ರಯೋಗಶಾಲೆಯನ್ನು ಕಟ್ಟಿ ಬೆಳೆಸಿದರು. ಪಾಶ್ಚಾತ್ಯ ಬುದ್ಧಿಪರೀಕ್ಷೆಗಳನ್ನು ಭಾರತದ ಪರಿಸರಕ್ಕೆ ಅಳವಡಿಸುವ ಕಾರ್ಯವನ್ನು ಕೈಗೊಂಡರು. ಇದು ಕೇವಲ ಭಾಷಾಂತರದ ಕೆಲಸವಲ್ಲ. ಮಗು ಕಾಣದ ವಸ್ತುವನ್ನೋ ಕೇಳದ ಮಾತನ್ನೋ ಪ್ರಶ್ನೆಯಲ್ಲಿಟ್ಟರೆ, ಅಪರಿಚಯವೇ ಮಂದಬುದ್ಧಿಯೆಂಬ ಹೆಸರು ಪಡೆಯುತ್ತದೆ. ಅಂತಹ ಪ್ರಶ್ನೆಗಳು ಬುದ್ಧಿಗೆ ಸಂಬಂಧಿಸದ ಕಾರಣದಿಂದ ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಗುಣಲಬ್ಧಗಳ ಅಂತರವು ಸೊನ್ನೆಯಿಂದ ದೂರ ಸರಿದು ಆ ದೋಷವನ್ನು ಬಯಲು ಮಾಡಬಲ್ಲದು.

1956ರ ನವೆಂಬರ್ 1ರಂದು ಬೀದರ ಜಿಲ್ಲೆ ವಿಶಾಲ ಮೈಸೂರು ರಾಜ್ಯದಲ್ಲಿ ಸೇರಿತು. ಮರುವರ್ಷವೇ, 1957ರಲ್ಲಿ, ಗೋಪಾಲಸ್ವಾಮಿಯವರು ಕಾಲವಶರಾದರು. ಆದರೆ ಅವರ ವಿದ್ಯೆ ಎತ್ತಿದ ಪ್ರಶ್ನೆ ಈ ಗಡಿನಾಡಿಗೆ ಇನ್ನಷ್ಟು ಸಲ್ಲುತ್ತದೆ. ಬಹಮನಿ ಗುಮ್ಮಟಗಳ ನೆರಳಿನ ಅಷ್ಟೂರಿನಲ್ಲಾಗಲಿ, ಭಾಲ್ಕಿ, ಔರಾದಗಳಲ್ಲಾಗಲಿ ಶಾಲೆಗೆ ಬರುವ ಮಗುವಿನ ಕಿವಿಯ ಮೇಲೆ ಕನ್ನಡದೊಡನೆ ಉರ್ದು, ಮರಾಠಿ, ತೆಲುಗು ಮಾತುಗಳೂ ಬೀಳುತ್ತವೆ. ನಿಜಾಮರ ಆಳ್ವಿಕೆಯಲ್ಲಿ ಉರ್ದುವೇ ರಾಜ್ಯಭಾಷೆಯಾಗಿದ್ದ ಸೀಮೆಯಿದು. ಮೈಸೂರಿನ ಮಕ್ಕಳಿಗೆ ಹೊಂದಿದ ಅಳತೆ ಇಲ್ಲಿಯೂ ಹೊಂದುವುದೆಂದು ನಂಬುವಂತಿಲ್ಲ. ಇಲ್ಲಿಯ ಅಂಕಗಳಿಂದಲೇ ಅದನ್ನು ಮತ್ತೆ ಪರೀಕ್ಷಿಸಬೇಕು.

ಅಂಕಪಟ್ಟಿಯ ಒಂದು ಸಂಖ್ಯೆ ಬಡ ರೈತನ ಮಗುವಿನ ಓದನ್ನೇ ನಿಲ್ಲಿಸಬಹುದು. ಆದುದರಿಂದ ಮಗುವನ್ನು ದಡ್ಡನೆಂದು ನಿರ್ಣಯಿಸುವ ಮುನ್ನ ಅಳತೆಗೋಲನ್ನು ಪರೀಕ್ಷಿಸುವುದು ಗುರುವಿನ ಧರ್ಮ. ಮೈಸೂರಿನ ಆ ಆಚಾರ್ಯರು ತಂದ ವಿದ್ಯೆಗೆ ಸಲ್ಲುವ ನಿಜವಾದ ಗೌರವವೂ ಅದೇ.