ಬೆಳ್ಳಿಯ ಮೇಲಣ ಮೊಗ

ರೋಮಿನ ಚಕ್ರವರ್ತಿಗಳು ತಮ್ಮ ಪತ್ನಿಯರ ಹಾಗೂ ತಾಯಂದಿರ ಮುಖಗಳನ್ನು ದಿನಾರಿಯಸ್ ಎಂಬ ಬೆಳ್ಳಿ ನಾಣ್ಯದ ಮೇಲೆ ಅಚ್ಚೊತ್ತಿಸುತ್ತಿದ್ದರು. ಆ ಮುಖಗಳಲ್ಲಿ ನನ್ನ ಮನಸ್ಸನ್ನು ಬಹುವಾಗಿ ಕಲಕಿರುವುದು ಜೂಲಿಯಾ ಡೋಮ್ನಳದು. ಅಲೆಅಲೆಯಾಗಿ ಬಾಚಿ ಹಿಂದೆ ಕಟ್ಟಿದ ದಟ್ಟವಾದ ಕೇಶರಾಶಿ, ಪ್ರಶಾಂತವಾದ ನೋಟ. ಆದರೆ ಆ ಶಾಂತಿ ಆಕೆಯ ಬಾಳಿನಲ್ಲಿರಲಿಲ್ಲ.

ಆಕೆ ಸಿರಿಯಾದ ಎಮೆಸಾ ನಗರದ, ಎಂದರೆ ಇಂದಿನ ಹೋಮ್ಸಿನ, ಅರ್ಚಕನೊಬ್ಬನ ಮಗಳು. ಅರಸನ ಮಡದಿಯಾಗುವ ಯೋಗ ಆಕೆಯ ಜಾತಕದಲ್ಲಿದೆಯೆಂದು ಕೇಳಿಯೇ ಸೆಪ್ಟಿಮಿಯಸ್ ಸೆವೆರಸ್ ಆಕೆಯನ್ನು ವರಿಸಿದನೆಂದು ಪ್ರತೀತಿ. ಕ್ರಿ.ಶ. 193ರಲ್ಲಿ ಅವನು ಚಕ್ರವರ್ತಿಯಾದನು. ದಂಡಯಾತ್ರೆಗಳಲ್ಲಿ ಪತಿಯ ಜೊತೆಗಿದ್ದ ಆಕೆಗೆ 195ರಲ್ಲಿ ಸೇನಾಶಿಬಿರಗಳ ಮಾತೆಯೆಂಬ ಬಿರುದು ಸಂದಿತು. ವಿದ್ವಾಂಸರೊಡನೆ ತತ್ತ್ವಚರ್ಚೆ ಆಕೆಗೆ ಪ್ರಿಯ. ತಕ್ಷಶಿಲೆಯವರೆಗೆ ಸಂಚರಿಸಿದನೆನ್ನಲಾದ ಅಪೊಲೋನಿಯಸನ ಚರಿತೆಯನ್ನು ಫಿಲೊಸ್ಟ್ರಾಟಸ್ ಕೈಗೆತ್ತಿಕೊಂಡದ್ದು ಆಕೆಯ ಅಪ್ಪಣೆಯಿಂದಲೇ.

211ರಲ್ಲಿ ಸೆವೆರಸ್ ಬ್ರಿಟನ್ನಿನ ಯಾರ್ಕಿನಲ್ಲಿ ತೀರಿಕೊಂಡನು. ಪುತ್ರರಾದ ಕಾರಕಲ್ಲ ಮತ್ತು ಗೇಟಾ ಒಟ್ಟಿಗೆ ಪಟ್ಟದಲ್ಲಿದ್ದರೂ ಪರಸ್ಪರ ಕಡುವೈರಿಗಳು. ಆ ವರ್ಷದ ಕೊನೆಯಲ್ಲಿ ಹಿರಿಯನು ಸಂಧಾನದ ನೆವದಿಂದ ತಮ್ಮನನ್ನು ತಾಯಿಯ ಕೋಣೆಗೆ ಕರೆಸಿದನು. ಭಟರು ಒಳನುಗ್ಗಿದರು. ಗೇಟಾ ತಾಯಿಯನ್ನು ಅಪ್ಪಿಕೊಂಡಿದ್ದಂತೆಯೇ ಕೊಲೆಯಾದನು. ಆಕೆಯ ಕೈಗಾದ ಗಾಯವೂ ಆಕೆಯ ಅರಿವಿಗೆ ಬರಲಿಲ್ಲವೆಂದು ಸಮಕಾಲೀನನಾದ ಕ್ಯಾಸಿಯಸ್ ಡಿಯೊ ಬರೆದಿದ್ದಾನೆ. ಸತ್ತ ಮಗನಿಗಾಗಿ ಅಳುವುದಕ್ಕೂ ಆಕೆಗೆ ಅಪ್ಪಣೆಯಿರಲಿಲ್ಲ, ನಗುಮುಖ ತೋರಬೇಕಾಗಿತ್ತು. ಅವನ ಹೆಸರನ್ನು ಶಾಸನಗಳಿಂದ ಕೆತ್ತಿ ತೆಗೆಯಲಾಯಿತು.

ಆ ಬಳಿಕದ ನಾಣ್ಯಗಳನ್ನು ನೋಡಬೇಕು. ಆಕೆಯ ಹೆಸರಿನೊಡನೆ ಧರ್ಮನಿಷ್ಠೆ, ಭಾಗ್ಯವತಿ ಎಂಬರ್ಥದ ಬಿರುದುಗಳಿವೆ. ಸೆವೆರಸನ ಕಾಲಕ್ಕೇ ದಿನಾರಿಯಸಿನಲ್ಲಿ ಬೆಳ್ಳಿ ಸುಮಾರು ಅರ್ಧಕ್ಕೆ ಇಳಿದು, ತಾಮ್ರ ಬೆರೆತಿತ್ತು. 215ರಲ್ಲಿ ಕಾರಕಲ್ಲ ಹೊಸದೊಂದು ನಾಣ್ಯವನ್ನು ಹೊರಡಿಸಿದನು. ಅದರ ಬೆಲೆ ಎರಡು ದಿನಾರಿಯಸ್ ಎಂದು ವಿದ್ವಾಂಸರು ಭಾವಿಸುತ್ತಾರೆ. ಒಳಗಿದ್ದ ಬೆಳ್ಳಿಯಾದರೋ ಸುಮಾರು ಒಂದೂವರೆಯದು. ಅದರಲ್ಲಿ ತಾಯಿಯ ಮುಖವನ್ನು ಚಂದ್ರರೇಖೆಯ ಮೇಲೆ ಕೂರಿಸಿದನು.

ಮಗನ ಪತ್ರವ್ಯವಹಾರವನ್ನು ಬಹುಮಟ್ಟಿಗೆ ಆಕೆಯೇ ನೋಡಿಕೊಳ್ಳುತ್ತಿದ್ದಳು. ಕೊಲೆಗಾರನೂ ಮಗನೇ, ಉಳಿದವನೂ ಅವನೊಬ್ಬನೇ. 217ರಲ್ಲಿ ಅವನೂ ಹತನಾದ ಸುದ್ದಿ ಆಂಟಿಯೋಕಿಗೆ ಬಂದಿತು. ಆಕೆ ಅನ್ನಾಹಾರವನ್ನು ತ್ಯಜಿಸಿ ಪ್ರಾಣ ಬಿಟ್ಟಳು.

ನಾಣ್ಯದ ಮೇಲಿನ ಅಕ್ಷರ ಅರಸನ ಮಾತು. ಅಲ್ಲಿ ತಾಯಿಯ ಮಾತಿಗೆ ಎಡೆಯಿಲ್ಲ. ಆ ಶಾಂತ ಮುಖದಲ್ಲಿ ನನಗೆ ಕಾಣುವುದು ಭಾಗ್ಯವಲ್ಲ, ಅಳಲು ಬಿಡದ ಅಧಿಕಾರ.